ಅವ್ವ ಉಣ್ಣದ ಹನ್ನೊಂದು ದಿನ

ನಮ್ಮ ಮನೆಯಲ್ಲಿ ಬೆಳಗಿನ ಚಹಾ ಕೂಡ ಸುಮ್ಮನೆ ಸಿಗುತ್ತಿರಲಿಲ್ಲ. ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿಯ ಬೆಳ್ಳಿಯ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು, ಅದಕ್ಕೆ ನೀರೆರೆದು, ಒಂದು ಪತ್ರಿ ಏರಿಸಿ, ಅಷ್ಟು ಹೊತ್ತು ಅದನ್ನೇ ನೋಡಿ, ಮತ್ತೆ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡ ಮೇಲೆಯೇ ಬಾಯಿಗೆ ಒಂದು ಗುಟುಕು. ದೊಡ್ಡವರಿಗೂ ಅದೇ, ನನಗೂ ಅದೇ. ನಾನು ಹನ್ನೊಂದು ವರ್ಷದ ಹುಡುಗಿ, ಶಾಲೆಗೆ ಹೊತ್ತಾಗುತ್ತದೆ ಎಂದು ನೀರು ಚಿಮುಕಿಸಿ ಎದ್ದುಬಿಡುತ್ತಿದ್ದೆ. ಅವ್ವ ಹಾಗಲ್ಲ. ದಿನವಿಡೀ ನಿಂತೇ ಇರುವ ಹೆಂಗಸು ಆ ಒಂದು ಹೊತ್ತಿನಲ್ಲಿ ಮಾತ್ರ ಕೂರುತ್ತಿದ್ದಳು. ಅಡುಗೆಮನೆಯ ಮೂಲೆಯಲ್ಲಿ, ನೀರಿನ ಹಂಡೆಗೂ ಜೋಳದ ಡಬ್ಬಿಗೂ ನಡುವೆ, ಒಬ್ಬರು ಕೂರುವಷ್ಟು ಜಾಗ. ಆ ಹೊತ್ತಿನಲ್ಲಿ ಅವಳನ್ನು ಕರೆದರೆ ಉತ್ತರವಿಲ್ಲ. ಎದ್ದಾಗ ಮುಖ ತೊಳೆದಿಟ್ಟ ಹಿತ್ತಾಳೆಯ ಹಾಗೆ ಇರುತ್ತಿತ್ತು. ಆಮೇಲೆ ಮತ್ತೆ ಅದೇ ಒಲೆ, ಅದೇ ರೊಟ್ಟಿ, ಅದೇ ಅಜ್ಜಿಯ ಕರೆ.

ಎರಡು ಕೋಣೆಯ ಮನೆ. ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ, ಮೂರನೆಯ ಸಾಲಿನ ಕೊನೆಗೆ. ಅಪ್ಪ ಯಾರ್ಡಿನಲ್ಲಿ ಒಬ್ಬ ವ್ಯಾಪಾರಿಯ ಮೆಣಸಿನಕಾಯಿ ಗಾಳೆಯಲ್ಲಿ, ಅಂದರೆ ಮಳಿಗೆಯಲ್ಲಿ, ಕೆಲಸಕ್ಕಿದ್ದ. ನಮ್ಮ ಊರ ಕಡೆಯಿಂದ ಬಂದ ಒಣಮೆಣಸಿನಕಾಯಿಯ ಚೀಲ ಬಿಚ್ಚಿ, ಮುರಿದು ಮೂಸಿ, ಇದು ಮೊದಲ ನಂಬರು, ಇದು ಎರಡನೆಯದು ಎಂದು ಬೇರೆ ಮಾಡುವುದು ಅವನ ಕೆಲಸ. ಸಂಜೆ ಅವನು ಓಣಿಯ ತಿರುವಿಗೆ ಬಂದನೆಂದರೆ ನಮಗೆ ಸೀನು ಬರುತ್ತಿತ್ತು. ಬಟ್ಟೆಯನ್ನು ಹೊರಗೇ ಕಳಚಿ, ಬಕೆಟ್ಟಿನಲ್ಲಿ ಕೈ ತೊಳೆದು ಒಳಗೆ ಬರಬೇಕು ಎಂಬುದು ಅವ್ವನ ಕಾನೂನು. ಹಾಗಿದ್ದರೂ ಅವನು ತಲೆ ಸವರಿದರೆ ನನ್ನ ಕಣ್ಣು ಉರಿಯುತ್ತಿತ್ತು. ಅಪ್ಪ ಹೊರಗೆ ಮರಾಠಿ, ಒಳಗೆ ಕನ್ನಡ. ಅವ್ವನಿಗೆ ಬರುತ್ತಿದ್ದದ್ದು ತರಕಾರಿಯ ಮರಾಠಿ ಮಾತ್ರ, ಎಷ್ಟಕ್ಕೆ, ಬೇಡ, ಕಮ್ಮಿ ಮಾಡು, ಅಷ್ಟೇ. ಅಪ್ಪನ ತಾಯಿ ನಮ್ಮ ಅಜ್ಜಿಗೆ ಅದೂ ಬರುತ್ತಿರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ. ಪಕ್ಕದ ಮನೆಯವರೇ ತನ್ನ ಕನ್ನಡ ಕಲಿಯಲಿ ಎಂಬ ಠೀವಿ ಅವಳದು.

ಅವ್ವನಿಗೆ ಹೊಟ್ಟೆನೋವು ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಅವಳು ಹೇಳಲಿಲ್ಲ. ರೊಟ್ಟಿ ಬಡಿಯುತ್ತ ನಡುವೆ ಕೈ ನಿಲ್ಲುತ್ತಿತ್ತು, ಸದ್ದು ನಿಂತಾಗ ನಾವು ತಿರುಗಿ ನೋಡುವುದರೊಳಗೆ ಮತ್ತೆ ಶುರುವಾಗುತ್ತಿತ್ತು. ಅಜ್ಜಿ ಅಜವಾನ ಕೊಟ್ಟಳು, ಇಂಗು ತೇಯ್ದು ಹೊಕ್ಕಳಿಗೆ ಹಚ್ಚಿದಳು, ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಅಪ್ಪ ಕೆಂಪು ಗುಳಿಗೆ ತಂದ. ಎಲ್ಲದಕ್ಕೂ ಕಾರಣ ಮೆಣಸಿನಕಾಯಿಯ ಧೂಳು ಎಂದು ಅಜ್ಜಿಯ ತೀರ್ಮಾನ, ಅಜ್ಜಿಯ ಅಜವಾನದಿಂದಲೇ ಹೆಚ್ಚಾಯಿತು ಎಂದು ಅಪ್ಪನ ತೀರ್ಮಾನ. ನಿನಗೆ ಎಲ್ಲಿ ನೋಯುತ್ತದೆ, ಹೇಗೆ ನೋಯುತ್ತದೆ ಎಂದು ಅವಳನ್ನು ಯಾರಾದರೂ ಎದುರು ಕೂತು ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಅವ್ವ ಹಿಟ್ಟು ನಾದುವ ಕೊಣಮಿಗೆಯ ಪಕ್ಕದಲ್ಲಿ ಮಡಚಿಕೊಂಡು ಬಿದ್ದಿದ್ದಳು, ಒಂದು ಕೆನ್ನೆಗೆ ಹಿಟ್ಟು ಹತ್ತಿತ್ತು. ಹಂಚಿನ ಮೇಲೆ ರೊಟ್ಟಿ ಕರಿಯಾಗಿತ್ತು. ಅಜ್ಜಿ ಹೊರಗೆ ಬಿಸಿಲಿಗೆ ಶಾವಿಗೆ ಹರವುತ್ತಿದ್ದಳು. ಅಷ್ಟು ಹೊತ್ತಿಗೆ ಶಾಲೆ ಬಿಟ್ಟದ್ದು ಒಂದು ಪುಣ್ಯ, ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು.

ಕರುಳು ತೂತಾಗಿತ್ತು. ಕೂಡಲೇ ಕೊಯ್ಯಬೇಕು ಎಂದರು. ದೊಡ್ಡ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಗಾಲಿಯ ಮಂಚದ ಮೇಲೆ ಅವ್ವ, ಪಕ್ಕದಲ್ಲಿ ಅಪ್ಪ ಮತ್ತು ನಾನು. ನರ್ಸಬಾಯಿ ಒಂದು ತಟ್ಟೆ ಹಿಡಿದು ಬಂದು ಬಳೆ, ಓಲೆ, ತಾಳಿ ಎಲ್ಲ ತೆಗೆಯಲು ಹೇಳಿದಳು. ಅವ್ವ ಎಲ್ಲ ಕೊಟ್ಟಳು. ಕೊನೆಗೆ ನರ್ಸಬಾಯಿ ಲಿಂಗದ ಶಿವದಾರಕ್ಕೆ ಕೈ ಹಾಕಿದಾಗ ಎರಡೂ ಕೈಯಿಂದ ಕರಡಿಗೆ ಮುಚ್ಚಿಕೊಂಡಳು. ಅಷ್ಟು ನೋವಿನಲ್ಲೂ ಆ ಬೆರಳುಗಳಿಗೆ ಎಲ್ಲಿಂದ ಬಲ ಬಂತೋ. ಹುಟ್ಟಿದ ಕೆಲವೇ ದಿನಕ್ಕೆ ಕಟ್ಟಿದ ಲಿಂಗ, ಮದುವೆಯಲ್ಲೂ ಹಡೆಯುವಾಗಲೂ ಮೈ ಬಿಟ್ಟಿರಲಿಲ್ಲ. ನರ್ಸಬಾಯಿಗೆ ಅದು ಬೆಳ್ಳಿಯ ಒಂದು ಡಬ್ಬಿ. ಒಳಗಿನಿಂದ ಯಾರೋ ಬೇಗ ಬೇಗ ಎಂದು ಕೂಗುತ್ತಿದ್ದರು. ಅಪ್ಪ ಬಗ್ಗಿ ಅವ್ವನ ಕಿವಿಯಲ್ಲಿ ಏನೋ ಹೇಳಿದ. ಅವ್ವ ಅವನ ಕೈ ನೋಡಿದಳು.

"ನಿಮ್ಮ ಕೈಯ್ಯಾಗ ಬ್ಯಾಡ್ರಿ. ಮೆಣಸಿನಕಾಯಿ ಮುಟ್ಟಿ ಬಂದೀರಿ, ಅದಕ್ಕೂ ಉರಿ ಹತ್ತತದ. ನೀಲಾನ ಕೊರಳಾಗ ಹಾಕ್ರಿ."

ಆಮೇಲೆ ನನ್ನ ಕಡೆ ತಿರುಗಿ,

"ಎರಡೂ ಹೊತ್ತು ಪೂಜಾ ತಪ್ಪಸಬ್ಯಾಡ. ಓಡ್ಯಾಡಬ್ಯಾಡ. ನಾ ಹೊರಗ ಬಂದ ಕೂಡ್ಲೆ ನನಗ ಕೊಡು."

ನನ್ನ ಕೊರಳಲ್ಲಿ ಎರಡು ಲಿಂಗ. ಬಾಗಿಲು ಮುಚ್ಚಿತು. ನನ್ನದಕ್ಕಿಂತ ಅದು ತೂಕವಿತ್ತು, ಇನ್ನೂ ಅವಳ ಮೈಯ ಬಿಸಿ ಇತ್ತು. ಆ ಬಿಸಿ ಆರಿಹೋಗದಿರಲಿ ಎಂದು ಅಂಗಿಯ ಮೇಲಿಂದ ಅಂಗೈ ಒತ್ತಿ ಹಿಡಿದುಕೊಂಡೆ. ಹಿಡಿದುಕೊಂಡಷ್ಟು ಹೊತ್ತು ಅವಳು ಬದುಕಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ, ಹಾಗೆ ಹೇಳಿಕೊಂಡ ಮೇಲೆ ಕೈ ತೆಗೆಯಲು ಧೈರ್ಯ ಬರಲಿಲ್ಲ.

ಅವ್ವ ಹೊರಗೆ ಬಂದಳು, ಆದರೆ ನಮ್ಮ ಕೈಗೆ ಬರಲಿಲ್ಲ. ಬೇರೆ ಕೋಣೆಗೆ ಒಯ್ದರು. ಅಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ, ಸಂಜೆ ನಾಲ್ಕರ ಮೇಲೆ ದೊಡ್ಡವರು ಒಬ್ಬರಿಗೆ ಮಾತ್ರ. ಮನೆಗೆ ಬಂದು ಅಪ್ಪ ನಡೆದದ್ದೆಲ್ಲ ಹೇಳಿದ. ಕೊಯ್ದದ್ದು, ರಕ್ತ ಕೊಟ್ಟದ್ದು, ಎಲ್ಲ ಕೇಳುವಾಗ ಅಜ್ಜಿ ನಿಂತೇ ಇದ್ದಳು. ಲಿಂಗ ತೆಗೆದರು ಎಂದಾಗ ಮಾತ್ರ ಗೋಡೆ ಹಿಡಿದು ಕುಳಿತುಬಿಟ್ಟಳು. ಆಮೇಲೆ ತನ್ನ ಮಾತು ಹೇಳಿದಳು. ಮೈ ಬಿಟ್ಟ ಲಿಂಗವನ್ನು ನಾವು ನಾವೇ ಮತ್ತೆ ಅವಳ ಕೊರಳಿಗೆ ಹಾಕುವ ಹಾಗಿಲ್ಲ, ಊರಿನಿಂದ ನಮ್ಮ ಮನೆತನದ ಗುರು ಅಯ್ಯನವರು ಬರಬೇಕು, ಬಂದು ಮಂತ್ರ ಹೇಳಿ ಅವರ ಕೈಯಿಂದಲೇ ಕಟ್ಟಬೇಕು, ಇಲ್ಲದಿದ್ದರೆ ಅವಳ ಜೀವಕ್ಕೇ ಕೇಡು. ಅಪ್ಪ ಊರಿಗೆ ತಂತಿ ಕೊಟ್ಟ. ಅಯ್ಯನವರು ಭಿಕ್ಷೆಗೆಂದು ಊರೂರು ತಿರುಗಲು ಹೋಗಿದ್ದಾರೆ, ಬಂದ ಕೂಡಲೇ ಕಳಿಸುತ್ತೇವೆ ಎಂದು ಉತ್ತರ ಬಂತು.

ನಾಲ್ಕು ದಿನ ಡಾಕ್ಟರೇ ಬಾಯಿಗೆ ಏನೂ ಕೊಡಬೇಡಿ ಎಂದಿದ್ದರು. ಐದನೆಯ ದಿನ ಗಂಜಿ ಕೊಡಿ ಎಂದರು. ಅವ್ವ ಬಾಯಿ ತೆರೆಯಲಿಲ್ಲ. ನೀರು ಕೂಡ ಇಲ್ಲ. ಸೂಜಿಯಿಂದ ರಕ್ತನಾಳಕ್ಕೆ ಹೋಗುವುದಕ್ಕೆ ತಡೆಯಿಲ್ಲ, ಅದು ಊಟವಲ್ಲ ಎಂದು ತನಗೆ ತಾನೇ ಒಂದು ಒಪ್ಪಂದ ಮಾಡಿಕೊಂಡಿದ್ದಳು ಎಂದು ಕಾಣುತ್ತದೆ. ಗುಳಿಗೆಗಳನ್ನು ದವಡೆಯಲ್ಲಿ ಅಡಗಿಸಿಟ್ಟು ದಿಂಬಿನ ಕೆಳಗೆ ಉಗುಳುತ್ತಿದ್ದಳು. ಒಣಗಿದ ತುಟಿಗೆ ಹಸಿ ಹತ್ತಿ ಒತ್ತಿದರೆ ಸುಮ್ಮನಿರುತ್ತಿದ್ದಳು, ಅಷ್ಟೇ. ಅಪ್ಪನಿಗೆ ದಿನಾ ಒಂದೇ ಮಾತು, ನನ್ನ ಲಿಂಗ ತಂದುಕೊಡ್ರಿ. ಅಪ್ಪ ದಿನಾ ಆತು, ನಾಳೆ ತರ್ತೀನಿ ಎಂದು ಬರುತ್ತಿದ್ದ. ಡಾಕ್ಟರು ಯಾಕೆ ಉಣ್ಣುವುದಿಲ್ಲ ಎಂದು ಕೇಳಿದರೆ, ಹಟಮಾರಿ ಹೆಂಗಸು ಸಾಹೇಬ, ಮೊದಲಿನಿಂದಲೂ ಹೀಗೆಯೇ ಎನ್ನುತ್ತಿದ್ದ. ಇದನ್ನು ಅವನೇ ಅಜ್ಜಿಗೆ ಹೇಳಿದ್ದು ನಾನು ಕೇಳಿದೆ. ಬಿಳಿ ಕೋಟಿನ, ಚಂದದ ಮರಾಠಿ ಮಾತಾಡುವ ಆ ದೊಡ್ಡ ಮನುಷ್ಯರ ಮುಂದೆ ಲಿಂಗ, ಪೂಜೆ ಎಂದು ಬಾಯಿ ತೆರೆದರೆ ಹಳ್ಳಿಯ ಗಮಾರ ಎಂದುಕೊಂಡಾರು ಎಂಬ ನಾಚಿಕೆ ಅವನಿಗೆ. ಹೀಗೆ ಒಂದು ಕಡೆ ಅಜ್ಜಿಯ ಶಾಸ್ತ್ರ, ಒಂದು ಕಡೆ ಅಪ್ಪನ ನಾಚಿಕೆ, ನಡುವೆ ನನ್ನ ತಾಯಿ ಒಣಗಿ ಹೋಗುತ್ತಿದ್ದಳು. ಹೊಲಿಗೆ ಕೂಡುತ್ತಿಲ್ಲ, ಗಾಯ ಬಾಯಿ ಬಿಡುತ್ತಿದೆ, ಹೊಟ್ಟೆಗೆ ಹೋಗದಿದ್ದರೆ ಹೊಸ ಮಾಂಸ ಎಲ್ಲಿಂದ ಬರಬೇಕು ಎಂದು ಡಾಕ್ಟರು ಸಿಟ್ಟು ಮಾಡಿದರಂತೆ.

ಇಷ್ಟು ವರ್ಷಗಳ ಮೇಲೆ ಈಗ ನಾನು ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯಲ್ಲಿದ್ದೇನೆ. ನಮ್ಮ ಕಾಲನಿಯ ಹೆಂಗಸರೆಲ್ಲ ಕೈಗೆ ಗಡಿಯಾರ ಕಟ್ಟಿಕೊಂಡು ಹೆಜ್ಜೆ ಎಣಿಸುತ್ತಾರೆ, ಸಕ್ಕರೆ ಎಷ್ಟು, ಬೀಪಿ ಎಷ್ಟು ಎಂದು ಲಿಫ್ಟಿನಲ್ಲೇ ಹೇಳಿಕೊಳ್ಳುತ್ತಾರೆ. ತಪ್ಪಲ್ಲ, ನಾನೂ ಗುಳಿಗೆ ನುಂಗುತ್ತೇನೆ. ಆದರೆ ಯಾರಾದರೂ ನನ್ನನ್ನು ಆರೋಗ್ಯವೇ ಎಂದು ಕೇಳಿದಾಗ ಆ ಮನೆಯ ಆ ದಿನಗಳು ಕಣ್ಣಿಗೆ ಬರುತ್ತವೆ. ಅವ್ವನ ಹೊಟ್ಟೆಯನ್ನು ಡಾಕ್ಟರು ಚೆನ್ನಾಗಿಯೇ ಹೊಲಿದಿದ್ದರು. ಔಷಧವೂ ಸರಿಯಾಗಿತ್ತು. ಅವಳ ಮೈಯ ಒಂದು ಭಾಗ ಮಾತ್ರ ಆಸ್ಪತ್ರೆಯ ಹೊರಗೆ, ಬೇರೆಯವರ ಕೊರಳಲ್ಲಿ ಉಳಿದುಬಿಟ್ಟಿತ್ತು, ಅದನ್ನು ಯಾರೂ ಮೈಯ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆ ದಿನಗಳಲ್ಲಿ ಮನೆಯಲ್ಲಿ ಅಜ್ಜಿಯ ರೊಟ್ಟಿ ಹರಿಯುತ್ತಿತ್ತು. ಅವಳ ಮಣಿಕಟ್ಟಿಗೆ ಬಲವಿರಲಿಲ್ಲ. ಹರಿದ ರೊಟ್ಟಿಯನ್ನು ಪುಂಡಿಪಲ್ಯೆಯೊಂದಿಗೆ ತಟ್ಟೆಗೆ ಹಾಕಿ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಉಣ್ಣುತ್ತಿದ್ದೆವು. ಬೆಳಿಗ್ಗೆ ಅವ್ವನ ಜಾಗದಲ್ಲಿ, ಹಂಡೆಗೂ ಡಬ್ಬಿಗೂ ನಡುವೆ ನಾನು ಕೂರುತ್ತಿದ್ದೆ. ಮೊದಲು ಅವಳದು, ಆಮೇಲೆ ನನ್ನದು. ಅವಳ ಲಿಂಗದ ಮೇಲೆ ನೀರು ಬೀಳುವಾಗ ಒಂದು ಹನಿ ಹೊರಗೆ ಹೋದರೂ ಅಲ್ಲಿ ಅವಳಿಗೆ ಏನೋ ಆಯಿತು ಎಂದು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ. ಓಡುವುದನ್ನು ಬಿಟ್ಟೆ. ಶಾಲೆಯಲ್ಲಿ ಕುಂಟೆಬಿಲ್ಲೆಗೆ ಕರೆದರೆ ಕಾಲುನೋವು ಎಂದೆ. ಭಕ್ತಿ ಎಂದರೆ ಇದೇನೋ ಎಂದು ನನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿದ್ದದ್ದು ಭಯ ಮಾತ್ರ. ಆದರೆ ಆ ಭಯದಲ್ಲೇ ನಾನು ಮೊದಲ ಸಲ ಕಣ್ಣು ಅಲುಗಿಸದೆ ಎಡಗೈಯನ್ನು ನೋಡಲು ಕಲಿತೆ.

ಹತ್ತನೆಯ ದಿನ ಅಪ್ಪ ಬಂದು ಹೊರಗೆ ಬಟ್ಟೆ ಕಳಚದೆ ನೇರ ಅಡುಗೆಮನೆಗೆ ಬಂದ. ಮೂಗಿನಿಂದ ನಳಿಕೆ ಹಾಕಿ ಗಂಜಿ ಬಿಡಲು ನೋಡಿದರಂತೆ. ಅವ್ವ ಕಿತ್ತೆಸೆದಳಂತೆ. ಅದಕ್ಕೆ ಅವಳ ಎರಡೂ ಕೈಗಳನ್ನು ಪಟ್ಟಿಯಿಂದ ಮಂಚಕ್ಕೆ ಕಟ್ಟಿದ್ದಾರಂತೆ. ಅವನು ಅಜ್ಜಿಯ ಕಡೆ ತಿರುಗಿದ.

"ನೀ ಶಾಸ್ತ್ರ ಹಿಡಕೊಂಡು ಕೂತಿ. ಅಲ್ಲಿ ಅಕಿ ಸಾಯಾಕ ಹತ್ಯಾಳ."

ಅಜ್ಜಿ ಕೈಯಲ್ಲಿದ್ದ ಹಿಟ್ಟು ಬಿಡಲಿಲ್ಲ.

"ಹೌದು, ನಾ ಶಾಸ್ತ್ರ ಹಿಡಕೊಂಡೀನಿ. ನಂಗ ಗೊತ್ತಿರೋದು ಅದೊಂದ. ನಿನಗ ನಾಕು ಮಾತು ಬರ್ತಾವಲ್ಲ, ನೀ ಯಾಕ ಡಾಕ್ಟರ ಮುಂದ ಬಾಯಿ ತಗೀಲಿಲ್ಲ? ಹೆಂಡತಿ ಹಟಮಾರಿ ಅಂತ ಹೇಳಾಕ ನಾಚಿಕಿ ಬರಲಿಲ್ಲ, ಲಿಂಗವಂತರದೀವಿ ಅಂತ ಹೇಳಾಕ ನಾಚಿಕಿ ಬಂತು."

ಅಪ್ಪ ಹಂಡೆಯ ಪಕ್ಕದಲ್ಲಿ ಕುಕ್ಕರಿಸಿ ಕುಳಿತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮೆಣಸಿನಕಾಯಿಯ ಕೈ, ಕಣ್ಣು ಉರಿಯಿತೋ ಅಳುತ್ತಿದ್ದನೋ ನಾನು ಕೇಳಲಿಲ್ಲ.

ಮರುದಿನ ಶನಿವಾರ, ಶಾಲೆ ಅರ್ಧ ದಿನ. ಅಪ್ಪ ನನ್ನನ್ನು ಆಸ್ಪತ್ರೆಗೆ ಕರೆದೊಯ್ದು ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿ ಯಾವುದೋ ಔಷಧ ತರಲು ಕೆಳಗೆ ಹೋದ. ತೊಡೆಯ ಮೇಲೆ ಅಜ್ಜಿ ಕೊಟ್ಟ ಗಂಜಿಯ ಡಬ್ಬಿ. ಕೈ ಎಂದಿನಂತೆ ಎದೆಯ ಮೇಲೆ. ನೆಲ ಒರೆಸುತ್ತ ಬಂದ ಒಬ್ಬ ಆಯಾ ನನ್ನ ಕಾಲ ಬಳಿ ನಿಂತಳು. ಸಾಸವಡದ ಕಡೆಯವಳು, ಹೆಸರು ಪಾರೂಬಾಯಿ, ದಪ್ಪ ಕನ್ನಡಕ, ಕೊರಳಲ್ಲಿ ತುಳಸಿಯ ಮಾಲೆ. ಎದೆ ನೋಯುತ್ತದೇನು ಹುಡುಗಿ ಎಂದು ಮರಾಠಿಯಲ್ಲಿ ಕೇಳಿದಳು. ಹನ್ನೊಂದು ದಿನದಲ್ಲಿ ನನ್ನನ್ನು ಎಲ್ಲಿ ನೋಯುತ್ತದೆ ಎಂದು ಕೇಳಿದವರಲ್ಲಿ ಮೊದಲಿನವಳು ಅವಳೇ. ನಾನು ಎರಡು ಶಿವದಾರ ಹೊರಗೆ ತೆಗೆದು ತೋರಿಸಿದೆ. ಶಾಲೆಯ ಮರಾಠಿಯಲ್ಲಿ, ಇದು ನನ್ನದು, ಇದು ಒಳಗಿರುವ ನನ್ನ ತಾಯಿಯದು, ಇದು ಇಲ್ಲದೆ ಅವಳು ನೀರು ಕುಡಿಯುವುದಿಲ್ಲ, ಕೊಡಲು ನನ್ನನ್ನು ಬಿಡುವುದಿಲ್ಲ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಪಾರೂಬಾಯಿ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಅವಳ ಕೈ ತನ್ನ ಮಾಲೆಗೆ ಹೋಯಿತು.

"ಮಾಝೀ ಮಾಳ ತುಟಲೀ ತರ ಮೀ ಪಣ ಪಾಣೀ ಪೀತ ನಾಹೀ, ಪೋರೀ."

ನನ್ನ ಮಾಲೆ ಹರಿದರೆ ನಾನೂ ನೀರು ಕುಡಿಯುವುದಿಲ್ಲ ಎಂದಳು, ಅಷ್ಟೇ. ಅದು ಯಾಕೆ, ಹೇಗೆ ಎಂದು ಇನ್ನೊಂದು ಪ್ರಶ್ನೆ ಇಲ್ಲ. ಮೂಲೆಯ ನಳದಲ್ಲಿ ಕೈ ಕಾಲು ತೊಳೆದುಕೊಂಡು ಬಂದಳು, ನನ್ನ ಕೈ ಕಾಲನ್ನೂ ತೊಳೆಸಿದಳು. ಒಗೆದ ಚಾದರುಗಳನ್ನು ಒಯ್ಯುವ ಹಿಂದಿನ ಬಾಗಿಲಿನಿಂದ, ಚಾದರಿನ ಗಂಟು ಹೊತ್ತ ತನ್ನ ಪಕ್ಕದಲ್ಲೇ ನಡೆಸಿಕೊಂಡು ಒಳಗೆ ಕರೆದೊಯ್ದಳು. ಆ ಬಾಗಿಲಿನ ಹತ್ತಿರ ನನ್ನ ಕಾಲುಗಳು ನಿಂತವು. ಅಯ್ಯನವರು ಬಂದಿಲ್ಲ. ಅಜ್ಜಿಯ ಮಾತು ನಿಜವಾದರೆ ನನ್ನ ಕೈಯಿಂದಲೇ ಅವ್ವನ ಜೀವ ಹೋಗುತ್ತದೆ. ಕೊಡದಿದ್ದರೆ ಡಾಕ್ಟರ ಮಾತು ನಿಜವಾಗುತ್ತದೆ. ಎರಡರಲ್ಲಿ ಯಾವುದಕ್ಕೆ ಹೆದರಬೇಕೆಂದು ತಿಳಿಯದೆ ಶಿವನೇ ಎಂದು ಕಣ್ಣು ಮುಚ್ಚಿದೆ, ಪಾರೂಬಾಯಿ ಬೆನ್ನಿಗೆ ಮೆಲ್ಲನೆ ಕೈ ಇಟ್ಟು ಮುಂದೆ ದೂಡಿದಳು.

ಆ ಮಂಚದ ಮೇಲಿದ್ದವಳು ಅವ್ವ ಎಂದು ಮೂಗಿನ ಮೇಲಿನ ಮಚ್ಚೆಯಿಂದ ಗುರುತಿಸಿದೆ. ಹಣೆ ಬರಿದಾಗಿತ್ತು. ಎರಡೂ ಮಣಿಕಟ್ಟುಗಳಲ್ಲಿ ಪಟ್ಟಿಯ ಕೆಂಪು ಗೀರು. ಪಾರೂಬಾಯಿ ಮೊದಲು ಕೈಪಟ್ಟಿಯ ಗಂಟು ಬಿಚ್ಚಿದಳು, ಯಾರಾದರೂ ಬಂದರೆ ಚಾದರು ಬದಲಿಸುತ್ತಿದ್ದೇನೆ ಎನ್ನುತ್ತೇನೆ ಎಂದಳು. ಒದ್ದೆ ಬಟ್ಟೆಯಿಂದ ಅವ್ವನ ಮುಖ, ಕೊರಳು, ಕೈ ಒರೆಸಿದಳು. ನಾನು ನನ್ನ ಹಣೆಯ ವಿಭೂತಿಯನ್ನೇ ಬೆರಳಿಗೆ ತೆಗೆದುಕೊಂಡು ಅವಳ ಹಣೆಗೆ ಹಚ್ಚಿ, ಕರಡಿಗೆ ಬಿಚ್ಚಿದೆ. ಅವ್ವ ಎಡಗೈ ಎತ್ತಲು ನೋಡಿದಳು. ಏಳಲಿಲ್ಲ. ಅದರಲ್ಲಿ ಲಿಂಗ ಇಟ್ಟು, ಕೆಳಗೆ ನನ್ನ ಎರಡೂ ಅಂಗೈ ಕೊಟ್ಟು ಎತ್ತಿ ಹಿಡಿದೆ. ಅವಳ ಕಣ್ಣಿಗೆ ಸರಿಯಾಗುವಷ್ಟು ಎತ್ತರಕ್ಕೆ. ಎಷ್ಟು ಹೊತ್ತೋ, ನನ್ನ ತೋಳು ಸೋತುಬಂದರೂ ಅವಳು ನೋಡುತ್ತಲೇ ಇದ್ದಳು. ಪತ್ರಿ ಇರಲಿಲ್ಲ, ಹೂವಿರಲಿಲ್ಲ. ಕಣ್ಣಿನಿಂದ ಜಾರಿದ ನೀರು ಕಿವಿಯ ಕಡೆಗೆ ಹೋಯಿತು. ಲಿಂಗವನ್ನು ಕರಡಿಗೆಯಲ್ಲಿಟ್ಟು ನಾನೇ ಅವಳ ಕೊರಳಿಗೆ ಹಾಕಿದೆ. ಆಮೇಲೆ ಅವ್ವ ಬಾಯಿ ತೆರೆದಳು. ಪಾರೂಬಾಯಿ ಚಮಚದಲ್ಲಿ ಗಂಜಿ ಹಾಕಿದಳು. ಮೊದಲನೆಯದು ಹೊರಗೆ ಬಂತು. ಎರಡನೆಯದು ಒಳಗೆ ಹೋಯಿತು. ಹೀಗೆ ಐದು ಚಮಚ.

ಔಷಧ ತಂದ ಅಪ್ಪ ಡಾಕ್ಟರ ಹಿಂದೆಯೇ ಒಳಗೆ ಬಂದಾಗ ನಾನಿನ್ನೂ ಅಲ್ಲೇ ಇದ್ದೆ. ಮಗುವನ್ನು ಒಳಗೆ ಬಿಟ್ಟವರು ಯಾರು ಎಂದು ಡಾಕ್ಟರು ಕೇಳುವಷ್ಟರಲ್ಲಿ ಅವರ ಕಣ್ಣು ತೆರೆದ ಗಂಜಿಯ ಡಬ್ಬಿ, ಚಮಚದ ಮೇಲೆ ಬಿತ್ತು. ಅಪ್ಪನನ್ನು ನೋಡಿದರು. ಅಪ್ಪ ಮರಾಠಿಯಲ್ಲಿ ಶುರುಮಾಡಿ, ನಡುವೆ ಕನ್ನಡಕ್ಕೆ ಜಾರಿ, ಮತ್ತೆ ಮರಾಠಿಗೆ ಬಂದು, ತಡವರಿಸುತ್ತ ಎಲ್ಲ ಹೇಳಿದ. ತಾನು ಹಟಮಾರಿ ಎಂದದ್ದು ಸುಳ್ಳು ಎಂದೂ ಹೇಳಿದ. ಡಾಕ್ಟರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಇವಳ ವಯಸ್ಸು ಕೇಳಿದೆ, ಸಕ್ಕರೆ ಕೇಳಿದೆ, ಏನು ತಿಂದರೆ ಆಗುವುದಿಲ್ಲ ಎಂದು ಕೇಳಿದೆ, ಇದನ್ನು ಕೇಳಲಿಲ್ಲ ಎಂದರು. ನಿಂತಲ್ಲೇ ಮಂಚದ ಕಾಲ ಕಡೆಗೆ ತೂಗುಬಿಟ್ಟ ಕಾಗದದಲ್ಲಿ, ಇಂಜೆಕ್ಷನ್ನುಗಳ ಸಾಲಿನ ಕೆಳಗೆ, ಪ್ರತಿ ಊಟಕ್ಕೆ ಮೊದಲು ಪೂಜೆ, ಮಗಳನ್ನು ಒಳಗೆ ಬಿಡಬೇಕು ಎಂದು ಬರೆದರು.

ಮನೆಗೆ ಬಂದು ನಾನೇ ಅಜ್ಜಿಗೆ ಹೇಳಿದೆ, ಬಾಗಿಲಿಗೆ ಬೆನ್ನು ಕೊಟ್ಟು, ಓಡಲು ಸಿದ್ಧವಾಗಿ. ಅಜ್ಜಿ ಅಕ್ಕಿಯ ಮೊರ ಬದಿಗೆ ಸರಿಸಿದಳು.

"ಎಡಗೈಯ್ಯಾಗ ಇಟ್ಟೀಯೇನು?"

ಹೂಂ ಎಂದೆ.

"ಉಂಡಳೇನು?"

ಐದು ಚಮಚ ಎಂದೆ. ಅಜ್ಜಿ ಮೊರ ಎಳೆದುಕೊಂಡು ಮತ್ತೆ ಅಕ್ಕಿ ಆರಿಸಲು ಕುಳಿತಳು, ಮರುದಿನದ ಗಂಜಿಗೆ. ನಾಲ್ಕು ದಿನದ ಮೇಲೆ ಅಯ್ಯನವರು ಬಂದರು, ನಡೆದದ್ದು ಕೇಳಿ, ಕಟ್ಟಿದ್ದಾಗಿದೆಯಲ್ಲ ತಾಯಿ, ಇನ್ನು ನಾನೇನು ಕಟ್ಟಲಿ ಎಂದು ನನ್ನ ಹಣೆಗೆ ವಿಭೂತಿ ಹಚ್ಚಿ ಹೋದರು.

ಪವಾಡವಾಯಿತು ಎಂದು ನಾನು ಹೇಳುವುದಿಲ್ಲ. ಗಾಯ ಕೂಡಲು ತಿಂಗಳುಗಳೇ ಹಿಡಿದವು, ಮಾಯುವುದು, ಮತ್ತೆ ಕೀವಾಗುವುದು. ಉಣ್ಣದ ಆ ದಿನಗಳು ಅವಳೊಳಗಿಂದ ಏನನ್ನು ತೆಗೆದುಕೊಂಡು ಹೋದವೋ ಅದು ತಿರುಗಿ ಬರಲಿಲ್ಲ. ಅವ್ವ ಮತ್ತೆಂದೂ ಬಗ್ಗಿ ರೊಟ್ಟಿ ಬಡಿಯಲಿಲ್ಲ, ಕೂತು ನನಗೆ ಹೇಳಿಕೊಟ್ಟಳು. ಆರು ವರ್ಷ ಸಿಕ್ಕಳು. ನೋವಿಲ್ಲದ ದಿನ ಆ ಆರು ವರ್ಷದಲ್ಲಿ ಬೆರಳೆಣಿಕೆ, ಆದರೂ ಸಿಕ್ಕಳು, ನನ್ನ ಮದುವೆಯ ಮಾತುಕತೆಗೆ ಇದ್ದಳು, ಅದನ್ನು ನನಗೆ ಸಿಕ್ಕ ಕೊಡುಗೆ ಎಂದೇ ಎಣಿಸುತ್ತೇನೆ. ಕೊನೆಯ ಸಲ ಬೇರೆ ಆಸ್ಪತ್ರೆ, ಬೇರೆ ನರ್ಸಬಾಯಿ. ಅವಳೂ ತಟ್ಟೆ ಹಿಡಿದು ಬಂದಳು. ಅಪ್ಪ ಮಂಚಕ್ಕೂ ಅವಳಿಗೂ ನಡುವೆ ಹೋಗಿ ನಿಂತು, ಗಾಳೆಯಲ್ಲಿ ಕೂಗುವ ದನಿಯಲ್ಲಿ, ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದ.

"ಹೇ ಕಾಢಾಯಚಂ ನಾಹೀ, ಸಿಸ್ಟರ. ಹೇ ತಿಚಂ ಅಂಗಚ ಆಹೇ."

ಇದನ್ನು ತೆಗೆಯುವುದಿಲ್ಲ, ಇದು ಅವಳ ಮೈಯೇ ಎಂದ. ನರ್ಸಬಾಯಿ ಒಳಗೆ ಹೋಗಿ ಕೇಳಿ ಬಂದು, ಕರಡಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅವಳ ತೋಳಿಗೆ ಪಟ್ಟಿಯಿಂದ ಕಟ್ಟಿದಳು. ಆ ಸಲ ಅವ್ವ ಮನೆಗೆ ಬರಲಿಲ್ಲ. ತೀರಿಹೋದ ದಿನ ಬೆಳಿಗ್ಗೆ ಪೂಜೆ ಮಾಡಿ ಅರ್ಧ ಬಟ್ಟಲು ಗಂಜಿ ಕುಡಿದಿದ್ದಳು. ಬಟ್ಟಲು ನಾನೇ ತೊಳೆದೆ.